ಕ್ಯಾಸೆಟ್ಟಿನ ಹೊದಿಕೆಯಲ್ಲಿ ಇಲ್ಲದ ಹೆಸರು

ಕನ್ನಡ ಚಿತ್ರಗೀತೆಗಳ ಹಳೆಯ ಕ್ಯಾಸೆಟ್ಟುಗಳನ್ನು ಜೋಪಾನವಾಗಿ ಇಟ್ಟುಕೊಂಡವರು ನಿಮ್ಮಲ್ಲಿ ಈಗಲೂ ಕೆಲವರಿರಬಹುದು. 1980ರ ದಶಕದ ಯಾವುದಾದರೊಂದು ಕ್ಯಾಸೆಟ್ಟಿನ ಹೊದಿಕೆಯನ್ನು ಬಿಡಿಸಿ ನೋಡಿ. ಚಿತ್ರದ ಹೆಸರು, ನಾಯಕ ನಾಯಕಿಯರ ಭಾವಚಿತ್ರ, ಸಂಗೀತ ನಿರ್ದೇಶಕರ ಹೆಸರು, ಸಾಹಿತ್ಯ ರಚಿಸಿದವರ ಹೆಸರು, ಹಾಡಿದವರ ಹೆಸರು, ಕ್ಯಾಸೆಟ್ ಕಂಪೆನಿಯ ಹೆಸರು ಇವಿಷ್ಟೂ ಅದರಲ್ಲಿರುತ್ತವೆ. ಹಾಡಿನ ಮುಕ್ಕಾಲು ಪಾಲನ್ನು ತುಂಬುವ ವಾದ್ಯಗಳನ್ನು ನುಡಿಸಿದವರ ಹೆಸರು ಮಾತ್ರ ಇರುವುದಿಲ್ಲ. ಪಿಟೀಲು, ಕೊಳಲು, ತಬಲ, ಗಿಟಾರು, ಕೀಬೋರ್ಡು ತಾವಾಗಿಯೇ ನುಡಿದುಕೊಂಡವೋ ಎಂಬಂತೆ ಆ ಹೊದಿಕೆ ಮೌನವಾಗಿರುತ್ತದೆ.

ಹೀಗೆ ಹೆಸರಿಲ್ಲದೆ ನುಡಿಸಿದವರಲ್ಲಿ ದಿಲೀಪ್ ಎಂಬ ಮದರಾಸಿನ ಹುಡುಗನೊಬ್ಬನಿದ್ದ. ವಿಜಯಭಾಸ್ಕರ್, ಹಂಸಲೇಖ, ವಿಜಯಾನಂದ್ ಮೊದಲಾದ ನಮ್ಮ ಸಂಗೀತ ನಿರ್ದೇಶಕರ ವಾದ್ಯವೃಂದಗಳಲ್ಲಿ ಆತ ಕೀಬೋರ್ಡು ನುಡಿಸಿದ್ದಾನೆ. ಕಲ್ಲಡ್ಕದ ಪೇಟೆಯಲ್ಲಿ ಮಂಗಳೂರು ಬಸ್ಸಿಗಾಗಿ ಕಾಯುತ್ತ ನಾವು ಕೇಳಿದ ಹಾಡುಗಳ ಹಿಂದೆ ಆತನ ಬೆರಳುಗಳೂ ಇದ್ದಿರಬಹುದು. ಮುಂದೆ ಆತ ಎ.ಆರ್. ರೆಹಮಾನ್ ಎಂಬ ಹೆಸರಿನಿಂದ ಲೋಕಪ್ರಸಿದ್ಧನಾದ. ಪ್ರಸಿದ್ಧಿಯ ಕಥೆಯನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಅದಕ್ಕಿಂತ ಮುಂಚಿನ ಸುಮಾರು ಹದಿನಾಲ್ಕು ವರ್ಷಗಳ ಚಾಕರಿಯ ಕಥೆ ನನಗೆ ಹೆಚ್ಚು ಅರ್ಥಪೂರ್ಣವೆನಿಸಿದೆ. ಇಂದಿನ ಬರಹ ಅದನ್ನು ಕುರಿತದ್ದು.

ಕಥೆ ತಂದೆಯಿಂದ ಆರಂಭವಾಗಬೇಕು. ಆರ್.ಕೆ. ಶೇಖರ್ ಮಲಯಾಳ ಚಿತ್ರರಂಗದಲ್ಲಿ ಸಂಗೀತ ನಿರ್ದೇಶಕರಾಗಿದ್ದರು. 1964ರ ‘ಪಳಶ್ಶಿರಾಜ’ ಅವರ ಸಂಗೀತ ನಿರ್ದೇಶನದ ಚಿತ್ರ. ಆದರೆ ಅವರ ದುಡಿಮೆಯ ಬಹುಪಾಲು ಸಂದದ್ದು ಇತರ ನಿರ್ದೇಶಕರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿ, ವೃಂದವನ್ನು ನಡೆಸಿಕೊಡುವುದಕ್ಕೆ. ರಾಗದ ಎಳೆಯನ್ನು ನಿರ್ದೇಶಕರು ಕೊಡುತ್ತಾರೆ. ಎಲ್ಲಿ ಪಿಟೀಲು ಏಳಬೇಕು, ಎಲ್ಲಿ ಕೊಳಲು ಉತ್ತರಿಸಬೇಕು, ಎಲ್ಲಿ ಎಲ್ಲವೂ ಸುಮ್ಮನಾಗಬೇಕು ಎಂಬುದನ್ನು ಕಾಗದದ ಮೇಲೆ ಬರೆದು ಇಪ್ಪತ್ತು ಮೂವತ್ತು ಜನರಿಂದ ನುಡಿಸುವವನು ಈ ಸಂಯೋಜಕ. ಇವನ ಹೆಸರೂ ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತಿತ್ತು. ಶೇಖರ್ ಹಗಲು ರಾತ್ರಿ ಒಂದು ಸ್ಟುಡಿಯೊದಿಂದ ಇನ್ನೊಂದಕ್ಕೆ ಓಡಾಡಿ ದುಡಿದರು. 1976ರ ಸೆಪ್ಟೆಂಬರ್ 30ರಂದು, 43ರ ಪ್ರಾಯದಲ್ಲಿ ತೀರಿಕೊಂಡರು. 1967ರ ಜನವರಿ 6ರಂದು ಹುಟ್ಟಿದ ಮಗ ದಿಲೀಪನಿಗೆ ಆಗ ಒಂಬತ್ತು ವರ್ಷ.

ಮನೆಯಲ್ಲಿ ಉಳಿದದ್ದು ವಿಧವೆ ತಾಯಿ ಕಸ್ತೂರಿ, ನಾಲ್ವರು ಮಕ್ಕಳು ಮತ್ತು ಶೇಖರ್ ಕೊಂಡಿಟ್ಟಿದ್ದ ವಾದ್ಯಗಳು. ಆ ವಾದ್ಯಗಳನ್ನು ಬಾಡಿಗೆಗೆ ಕೊಟ್ಟು ಆ ತಾಯಿ ಸಂಸಾರ ಸಾಗಿಸಿದರು. ಅವನ್ನು ಮಾರಿ ಬಂದ ಹಣದ ಬಡ್ಡಿಯಲ್ಲಿ ಬದುಕಬಹುದೆಂದು ಹಿತವರು ಹೇಳಿದರಂತೆ. ಮಗನಿದ್ದಾನೆ, ಅವನಿಗೆ ಬೇಕು ಎಂದು ಅವರು ಒಪ್ಪಲಿಲ್ಲ. ನಮ್ಮ ಕಡೆಯಲ್ಲಿ ಗಂಡ ತೀರಿಕೊಂಡ ಮನೆಯ ಹೆಂಗಸು ಅಡಿಕೆ ತೋಟವನ್ನು ಗೇಣಿಗೆ ಕೊಟ್ಟು, ಮಾರದೆ ಉಳಿಸಿಕೊಂಡು ಮಕ್ಕಳನ್ನು ಓದಿಸುವುದನ್ನು ನಾನು ಎಷ್ಟೋ ಕಂಡಿದ್ದೇನೆ. ಇದು ಅಂಥದೇ ನಿರ್ಧಾರ.

ಹನ್ನೊಂದು ಹನ್ನೆರಡರ ಪ್ರಾಯದಲ್ಲಿಯೇ ದಿಲೀಪ ಸ್ಟುಡಿಯೊ ಹತ್ತಿದ. ತಂದೆಯ ಮಿತ್ರರಾಗಿದ್ದ ಮಲಯಾಳದ ಸಂಗೀತ ನಿರ್ದೇಶಕ ಎಂ.ಕೆ. ಅರ್ಜುನನ್ ಮೊದಲ ಅವಕಾಶ ಕೊಟ್ಟರು. ಮದರಾಸಿನ ಮಾಸ್ಟರ್ ಧನರಾಜ್ ಅವರಲ್ಲಿ ಪಾಶ್ಚಾತ್ಯ ಸಂಗೀತದ ಪಾಠ ನಡೆಯಿತು. ದೂರದರ್ಶನದ ‘ವಂಡರ್ ಬಲೂನ್’ ಎಂಬ ಕಾರ್ಯಕ್ರಮದಲ್ಲಿ ನಾಲ್ಕು ಕೀಬೋರ್ಡುಗಳನ್ನು ಒಟ್ಟಿಗೆ ನುಡಿಸಿ ತೋರಿಸಿದ ಬಾಲಕ ಈತನೇ. ಆದರೆ ದುಡಿಮೆಗೂ ಶಾಲೆಗೂ ಹೊಂದಾಣಿಕೆಯಾಗಲಿಲ್ಲ. ರಾತ್ರಿ ಧ್ವನಿಮುದ್ರಣ, ಬೆಳಿಗ್ಗೆ ತರಗತಿಯಲ್ಲಿ ನಿದ್ದೆ. ಕೊನೆಗೆ ಓದು ನಿಂತಿತು. ಮೂವತ್ತಕ್ಕೂ ಹೆಚ್ಚು ವರ್ಷ ಹಾಜರಿ ಪುಸ್ತಕ ಹಿಡಿದವನಿಗೆ ಈ ಸಂಗತಿಯನ್ನು ಸುಲಭವಾಗಿ ದಾಟಿ ಹೋಗಲಾಗುವುದಿಲ್ಲ. ಬೀಡಿ ಕಟ್ಟಿ, ಹೋಟೆಲಿನಲ್ಲಿ ಲೋಟ ತೊಳೆದು ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮಕ್ಕಳು ನನ್ನ ತರಗತಿಗಳಲ್ಲಿಯೂ ಇದ್ದರು. ಅವರಲ್ಲಿ ಯಾರೂ ರೆಹಮಾನ್ ಆಗಲಿಲ್ಲ. ಆದ್ದರಿಂದ ಶಾಲೆ ಬಿಟ್ಟರೂ ದೊಡ್ಡವರಾಗಬಹುದು ಎಂಬ ನೀತಿಯನ್ನು ಈ ಕಥೆಯಿಂದ ತೆಗೆಯುವವರೊಡನೆ ನನಗೆ ಸಮ್ಮತಿಯಿಲ್ಲ.

ಇನ್ನು ಆ ಚಾಕರಿಯ ಸ್ವರೂಪ. 1970ರ ದಶಕದವರೆಗೂ ನಮ್ಮ ಕನ್ನಡ ಹಾಡುಗಳಲ್ಲಿ ಹೆಚ್ಚಿನವು ಧ್ವನಿಮುದ್ರಣವಾಗುತ್ತಿದ್ದುದು ಮದರಾಸಿನಲ್ಲಿ. 1980ರ ದಶಕದಲ್ಲಿ ಶಂಕರನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ ಮೇಲೆಯೂ ಕೋಡಂಬಾಕಂ ಕಡೆಗಿನ ಪ್ರಯಾಣ ಒಮ್ಮೆಗೇ ನಿಲ್ಲಲಿಲ್ಲ. ತಮಿಳು, ತೆಲುಗು, ಮಲಯಾಳ, ಕನ್ನಡ ಈ ನಾಲ್ಕೂ ಭಾಷೆಗಳ ಹಾಡುಗಳಿಗೆ ನುಡಿಸುತ್ತಿದ್ದವರು ಬಹುಮಟ್ಟಿಗೆ ಅದೇ ವಾದಕರು. ಅವರ ದಿನ ಕಾಲ್‌ಶೀಟಿನ ಲೆಕ್ಕದಲ್ಲಿ ಸಾಗುತ್ತಿತ್ತು. ಬೆಳಿಗ್ಗೆ ಬಂದು ಕುಳಿತರೆ ಎದುರಿಗೆ ಸ್ವರಲಿಪಿಯ ಹಾಳೆ. ಹಾಡಿನ ಅರ್ಥ ಗೊತ್ತಿರಬೇಕೆಂದಿಲ್ಲ, ಭಾಷೆಯೂ ತಿಳಿದಿರಬೇಕೆಂದಿಲ್ಲ. ಎರಡು ಮೂರು ಸಲ ಅಭ್ಯಾಸ, ಆಮೇಲೆ ಟೇಕ್. ಇಡೀ ವೃಂದ ಒಟ್ಟಿಗೆ ನುಡಿಸುತ್ತಿದ್ದ ದಿನಗಳಲ್ಲಿ ಒಬ್ಬ ಎಡವಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಈ ವಾದಕರಿಗೆ ಸರಿಯಾದ ಸಂಭಾವನೆ ಸಿಗುವಂತೆ ಸಂಘ ಕಟ್ಟಿದವರು ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್. ಅದು ದೊಡ್ಡ ಕೆಲಸ. ಆದರೆ ಸಂಭಾವನೆಯೇನೋ ಬಂತು, ಹೆಸರು ಬರಲಿಲ್ಲ.

ದಿಲೀಪ ಇಳಯರಾಜಾ ಅವರಲ್ಲಿಯೂ ನುಡಿಸಿದ. ಅಲ್ಲಿ ಕೀಬೋರ್ಡಿನ ಮುಖ್ಯ ಸ್ಥಾನ ವಿಜಿ ಮ್ಯಾನುಯೆಲ್ ಎಂಬ ಪ್ರೌಢ ವಾದಕರದು. ಎಂ.ಎಸ್. ವಿಶ್ವನಾಥನ್, ತೆಲುಗಿನ ರಮೇಶ್ ನಾಯ್ಡು, ರಾಜ್-ಕೋಟಿ ಇವರ ವೃಂದಗಳಲ್ಲಿಯೂ ಈತನಿದ್ದ. ನಮ್ಮವರ ವಿಷಯಕ್ಕೆ ಬಂದರೆ, ಪುಟ್ಟಣ್ಣ ಕಣಗಾಲರ ‘ಶರಪಂಜರ’, ‘ನಾಗರಹಾವು’ಗಳಿಗೆ ಸಂಗೀತ ಕೊಟ್ಟ ವಿಜಯಭಾಸ್ಕರ್ ಹಳೆಯ ಶಾಲೆಯವರು, ರಾಗವನ್ನು ಮುಖ್ಯವಾಗಿ ನಂಬಿದವರು. 1987ರಲ್ಲಿ ‘ಪ್ರೇಮಲೋಕ’ದಿಂದ ಇಡೀ ಕರ್ನಾಟಕವನ್ನು ಕುಣಿಸಿದ ಹಂಸಲೇಖ, ಅದೇ ವರ್ಷ ‘ಡಾನ್ಸ್ ರಾಜ ಡಾನ್ಸ್’ಗೆ ಸಂಗೀತ ನೀಡಿದ ವಿಜಯಾನಂದ್ ಹೊಸ ಲಯದವರು. ಒಂದೇ ಕೀಬೋರ್ಡು ಇವರೆಲ್ಲರ ಮನಸ್ಸನ್ನು ಅರಿತು ನುಡಿಯಬೇಕಾಗಿತ್ತು. ಬೆಳಿಗ್ಗೆ ಒಬ್ಬರ ಮನೋಧರ್ಮ, ಸಂಜೆ ಇನ್ನೊಬ್ಬರದು. ಯಾವ ಸಂಗೀತ ಕಾಲೇಜಿನಲ್ಲಿ ಇಂಥ ಪಾಠ ಸಿಗುತ್ತದೆ?

ಹಲವು ಪಥಗಳ ಟೇಪು ಬಂದ ಮೇಲೆ ಎಲ್ಲರೂ ಒಟ್ಟಿಗೆ ನುಡಿಸುವ ಅಗತ್ಯ ಕಡಿಮೆಯಾಯಿತು. ಅದು ಹೇಗೆಂದು ತಿಳಿಯಬೇಕಾದರೆ ನಮ್ಮೂರಿನ ಕೆ.ಟಿ.ಯನ್ನು ನೆನೆಯಿರಿ. ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್. ಎರಡೂ ಒಂದೇ ಲೋಟದಲ್ಲಿದ್ದರೂ ಚಮಚ ಹಾಕಿ ಕದಡುವವರೆಗೆ ಬೇರೆ ಬೇರೆಯಾಗಿಯೇ ನಿಂತಿರುತ್ತವೆ. ಹಾಗೆಯೇ ಟೇಪಿನ ಒಂದು ಪಥದಲ್ಲಿ ತಾಳ, ಮತ್ತೊಂದರಲ್ಲಿ ಪಿಟೀಲು, ಇನ್ನೊಂದರಲ್ಲಿ ಕಂಠ. ಯಾವುದನ್ನು ಎಷ್ಟು ಬೆರೆಸಬೇಕೆಂಬುದನ್ನು ಕೊನೆಗೆ ನಿರ್ಧರಿಸಿದರಾಯಿತು. ದಿಲೀಪ ಪಕ್ವವಾದದ್ದು ಈ ಬದಲಾವಣೆಯ ನಟ್ಟನಡುವೆ. ತನಗೆ ಸಂಗೀತಕ್ಕಿಂತ ಯಂತ್ರತಂತ್ರಗಳಲ್ಲಿಯೇ ಹೆಚ್ಚು ಆಸಕ್ತಿಯಿತ್ತೆಂದೂ, ಸಿಂಥಸೈಜರ್ ಇವೆರಡನ್ನೂ ಕೂಡಿಸಿತೆಂದೂ ಆತ ಮುಂದೆ ಹೇಳಿಕೊಂಡಿದ್ದಾನೆ.

1983ರಲ್ಲಿ ಯಮಾಹಾ ಕಂಪೆನಿಯ ಡಿಎಕ್ಸ್-7 ಎಂಬ ಸಿಂಥಸೈಜರ್ ಮಾರುಕಟ್ಟೆಗೆ ಬಂತು. 61 ಮನೆಗಳು, ಏಕಕಾಲಕ್ಕೆ 16 ಸ್ವರಗಳು. ಅದೇ ವರ್ಷ ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಸಂದೇಶ ಕಳುಹಿಸಿಕೊಳ್ಳಲು ಮಿಡಿ ಎಂಬ ಸಾಮಾನ್ಯ ಭಾಷೆಯೊಂದು ರೂಪುಗೊಂಡಿತು. ಅಲ್ಲಿಂದ ಮುಂದೆ ಒಬ್ಬನೇ ವಾದಕ ಒಂದು ಮೇಜಿನ ಮುಂದೆ ಕುಳಿತು ಗಂಟೆಯ ನಾದ, ಪಿಟೀಲುಗಳ ಸಮೂಹ, ತಮಟೆಯ ಪೆಟ್ಟು ಎಲ್ಲವನ್ನೂ ಹೊರಡಿಸಬಲ್ಲವನಾದ. ಇದರಿಂದ ಕೀಬೋರ್ಡು ನುಡಿಸುವವನಿಗೆ ಬೇಡಿಕೆ ಹೆಚ್ಚಿತು, ಪಕ್ಕದ ಕುರ್ಚಿಯಲ್ಲಿದ್ದವನಿಗೆ ಕರೆ ಕಡಿಮೆಯಾಯಿತು. ನಮ್ಮಲ್ಲಿ ಮದುವೆ, ಗಣೇಶೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ಕೊಳಲು ಊದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಬಳಿಕ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಕುಳಿತಿದ್ದುದನ್ನು ಕಂಡೆ. ಕೊಳಲು ಎಲ್ಲಿ ಹೋಯಿತೆಂದು ಕೇಳಿದರೆ, “ಮಾಸ್ಟ್ರೇ, ಈಗ ಕೊಳಲಿಗೆ ಕೀಬೋರ್ಡಿನಲ್ಲಿ ಒಂದು ಗುಂಡಿ ಉಂಟು” ಎಂದ. ನಕ್ಕುಕೊಂಡೇ ಹೇಳಿದ. ರೆಹಮಾನರ ಏಳಿಗೆಯನ್ನು ಬಣ್ಣಿಸುವಾಗ ಈ ಗುಂಡಿಯನ್ನು ಮರೆಯಬಾರದು. ಅದೇ ಯಂತ್ರ ಒಬ್ಬನನ್ನು ಎತ್ತಿತು, ಅನೇಕರನ್ನು ಕೂರಿಸಿತು.

ದಿನವಿಡೀ ಬೇರೆಯವರು ಬರೆದುಕೊಟ್ಟದ್ದನ್ನು ನುಡಿಸುವವನಿಗೆ ತನ್ನದೇ ಆದ ಒಂದು ಕೂಟ ಬೇಕೆನಿಸುವುದು ಸಹಜ. ರೂಟ್ಸ್ ಎಂಬ ತಂಡದಲ್ಲಿ ದಿಲೀಪ ಕೀಬೋರ್ಡು ವಾದಕನೂ ಸಂಯೋಜಕನೂ ಆಗಿದ್ದ. ಬಾಲ್ಯದ ಗೆಳೆಯ, ಡ್ರಮ್ಸ್ ವಾದಕ ಶಿವಮಣಿ, ಗಿಟಾರಿನ ಜಾನ್ ಆಂಥೊನಿ, ಸುರೇಶ್ ಪೀಟರ್ಸ್, ಜೋಜೊ, ರಾಜಾ ಅದರಲ್ಲಿದ್ದರು. ಆಮೇಲೆ ನೆಮೆಸಿಸ್ ಅವೆನ್ಯೂ ಎಂಬ ರಾಕ್ ತಂಡವನ್ನು ತಾನೇ ಕಟ್ಟಿದ. ರಾಕ್ ಸಂಗೀತವೆಂದರೆ ಗದ್ದಲವೆಂದು ನಮ್ಮ ತಲೆಮಾರಿನ ಹಲವರು ಮೂಗು ಮುರಿಯುತ್ತಾರೆ. ನನಗೂ ಅದರಲ್ಲಿ ಹೆಚ್ಚಿನ ರುಚಿಯಿಲ್ಲ. ಆದರೂ ಅದರ ಒಂದು ಗುಣವನ್ನು ಒಪ್ಪಬೇಕು. ಅಲ್ಲಿ ಎದುರಿಗೆ ಹಾಳೆಯಿಲ್ಲ, ಕೈಬೀಸುವ ನಿರ್ದೇಶಕನಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಿವಿಯಿಂದಲೇ ದಾರಿ ಹುಡುಕಬೇಕು. ನಮ್ಮ ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರ ಕಣ್ಸನ್ನೆಗೆ ಚೆಂಡೆಯವರು ಮುಕ್ತಾಯ ಹಾಕುವಂತೆ. ರೂಟ್ಸ್ ತಂಡದ ಗೆಳೆಯರಲ್ಲಿ ಶಿವಮಣಿ, ಸುರೇಶ್ ಪೀಟರ್ಸ್ ಮುಂದೆ ರೆಹಮಾನರ ಚಿತ್ರಗಳಲ್ಲಿಯೂ ಕಾಣಿಸಿಕೊಂಡರು. ಅಂದಮೇಲೆ ಆ ತಂಡ ಹುಡುಗಾಟಿಕೆಯಾಗಿರಲಿಲ್ಲ, ಮುಂದಿನ ಕೆಲಸದ ತಳಪಾಯವಾಗಿತ್ತು. ಇದೇ ಅವಧಿಯಲ್ಲಿ ಜಾಕಿರ್ ಹುಸೇನ್, ಕುನ್ನಕ್ಕುಡಿ ವೈದ್ಯನಾಥನ್, ಎಲ್. ಶಂಕರ್ ಅವರೊಡನೆ ವಿದೇಶ ಪ್ರವಾಸಗಳೂ ನಡೆದವು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪದವಿಪತ್ರವನ್ನೂ ಮದರಾಸಿನಲ್ಲಿದ್ದುಕೊಂಡೇ ಪಡೆದದ್ದಾಯಿತು.

1987ರಲ್ಲಿ ಆಲ್ವಿನ್ ಗಡಿಯಾರದ ಜಾಹೀರಾತಿಗೆ ಸಂಗೀತ ಮಾಡಿದ್ದು ಚಾಕರಿಯಿಂದ ಹೊರಬರುವ ಬಾಗಿಲಾಯಿತು. ಮುಂದಿನ ಐದು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜಾಹೀರಾತುಗಳು. ಮೂವತ್ತು ಸೆಕೆಂಡುಗಳಲ್ಲಿ ಕೇಳುಗನ ಕಿವಿ ಹಿಡಿಯಬೇಕು, ಒಂದು ಸ್ವರವೂ ವ್ಯರ್ಥವಾಗಬಾರದು. ಪ್ರಬಂಧ ಬರೆಯುವವರು ತಂತಿ ಕಳುಹಿಸಲು ಕಲಿತಂತೆ ಇದು. ಅಲ್ಲಿಯೂ ಹೆಸರಿಲ್ಲ. ದೂರದರ್ಶನದಲ್ಲಿ ಜಾಹೀರಾತು ನೋಡಿ ಗುನುಗಿದ ಮಕ್ಕಳಿಗೆ ಅದನ್ನು ಕಟ್ಟಿದವನಾರೆಂದು ತಿಳಿಯುವ ದಾರಿಯಿರಲಿಲ್ಲ. 1989ರ ಸುಮಾರಿಗೆ ಆತ ಮನೆಯ ಹಿತ್ತಲಿನಲ್ಲಿ ‘ಪಂಚತನ್ ರೆಕಾರ್ಡ್ ಇನ್’ ಎಂಬ ಸ್ವಂತ ಸ್ಟುಡಿಯೊ ಕಟ್ಟಿದ. ಅದೇ ಕಾಲಕ್ಕೆ ಕುಟುಂಬ ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ದಿಲೀಪ ರೆಹಮಾನ್ ಆದ.

ಅನಂತರದ್ದು ನಿಮಗೆಲ್ಲ ಗೊತ್ತಿರುವುದೇ. ಮಣಿರತ್ನಂ ಅವರ ‘ರೋಜಾ’ 1992ರ ಆಗಸ್ಟ್ 15ರಂದು ತೆರೆಕಂಡಿತು. ಸಂಗೀತ ನಿರ್ದೇಶಕನಿಗೆ ದೊರೆತ ಸಂಭಾವನೆ 25,000 ರೂಪಾಯಿ. ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ. ಅದರ ಕ್ಯಾಸೆಟ್ಟನ್ನು ಹೊರತಂದ ಲಹರಿ ಸಂಸ್ಥೆ ನಮ್ಮ ಬೆಂಗಳೂರಿನದೆಂಬುದನ್ನು ಇಲ್ಲಿ ಸೇರಿಸಲೇಬೇಕು. 2009ರಲ್ಲಿ ‘ಸ್ಲಂಡಾಗ್ ಮಿಲಿಯನೇರ್’ಗೆ ಎರಡು ಆಸ್ಕರ್ ಪ್ರಶಸ್ತಿಗಳು ಬಂದವು.

ನಾನು ಹೇಳಬೇಕೆಂದಿರುವುದು ಪ್ರಶಸ್ತಿಗಳ ವಿಷಯವಲ್ಲ, ಹೊದಿಕೆಯ ವಿಷಯ. ರೆಹಮಾನರ ಕ್ಯಾಸೆಟ್ಟುಗಳ ಒಳಹಾಳೆಗಳಲ್ಲಿ ವಾದಕರ ಹೆಸರುಗಳು ಮುದ್ರಣವಾಗತೊಡಗಿದವು. ಕೊಳಲು ಯಾರು, ಗಿಟಾರು ಯಾರು, ತಾಳವಾದ್ಯ ಯಾರು, ಧ್ವನಿಮುದ್ರಣ ಮಾಡಿದ ಎಂಜಿನಿಯರ್ ಯಾರು ಎಂದು. ದಕ್ಷಿಣದ ಚಿತ್ರಸಂಗೀತದಲ್ಲಿ ಇದು ರೂಢಿಯಲ್ಲಿರಲಿಲ್ಲ. ತಾನು ವರ್ಷಗಟ್ಟಲೆ ಕುಳಿತಿದ್ದ ಕುರ್ಚಿಯಲ್ಲಿ ಕುಳಿತವರ ಹೆಸರು ಹಾಕಿಸಬೇಕೆಂದು ತೋರುವುದಕ್ಕೆ ಆ ಕುರ್ಚಿಯ ನೆನಪೇ ಕಾರಣವಾಗಿರಬೇಕು ಎಂದು ನನ್ನ ಎಣಿಕೆ. ನಮ್ಮ ಜಿಲ್ಲೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸದಿರಬಹುದು. ಯಕ್ಷಗಾನದ ಕರಪತ್ರವನ್ನು ತೆಗೆಯಿರಿ. ವೇಷಧಾರಿಗಳ ಹೆಸರಿಗಿಂತ ಮೊದಲೇ ಹಿಮ್ಮೇಳದವರ ಹೆಸರುಗಳಿರುತ್ತವೆ, ಭಾಗವತರು, ಚೆಂಡೆ, ಮದ್ದಳೆ ಎಂದು. ಚಕ್ರತಾಳದವರ ಹೆಸರನ್ನೂ ಹಾಕುವ ಸಂಘಟಕರಿದ್ದಾರೆ. ಬಯಲಾಟಕ್ಕಿದ್ದ ಸೌಜನ್ಯ ಇಷ್ಟು ದೊಡ್ಡ ಚಿತ್ರೋದ್ಯಮಕ್ಕೆ ಏಕಿರಲಿಲ್ಲವೋ!

ಹೆಸರು ಹಾಕುವುದು ಸೌಜನ್ಯದ ಮಾತಷ್ಟೇ ಎಂದು ಭಾವಿಸಬೇಡಿ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಅದರಲ್ಲಿ ಪ್ರದರ್ಶಕರ ಹಕ್ಕು ಎಂಬುದು ಸೇರಿದ್ದೇ 1994ರ ತಿದ್ದುಪಡಿಯಲ್ಲಿ. 2012ರ ತಿದ್ದುಪಡಿ ಅದನ್ನು ವಿಸ್ತರಿಸಿ, ವಾಣಿಜ್ಯ ಬಳಕೆಯಿಂದ ಬರುವ ಗೌರವಧನದಲ್ಲಿ ಪ್ರದರ್ಶಕನಿಗೂ ಪಾಲುಂಟೆಂದಿತು. ಆದರೆ ಅದೇ ತಿದ್ದುಪಡಿ ಒಂದು ಷರತ್ತನ್ನೂ ಇಟ್ಟಿತು. ಚಲನಚಿತ್ರವೊಂದರಲ್ಲಿ ಯಾರ ಪಾತ್ರ ಪ್ರಾಸಂಗಿಕವಾದುದೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಎಲ್ಲಿಯೂ ಹೇಳಿಲ್ಲವೋ, ಅಂಥವರನ್ನು ಪ್ರದರ್ಶಕರೆಂದು ಗಣಿಸುವುದಿಲ್ಲ. ತನ್ನ ಪ್ರದರ್ಶನವನ್ನು ಕೆಡಿಸಿ ಮಾನಹಾನಿ ಮಾಡಿದರೆ ಆಕ್ಷೇಪಿಸುವ ಹಕ್ಕೊಂದು ಮಾತ್ರ ಅವರಿಗೆ ಉಳಿಯುತ್ತದೆ. ಹೆಸರನ್ನು ಮೊದಲು ಬಿಟ್ಟವರೇ ಆಮೇಲೆ ಹೆಸರಿಲ್ಲವೆಂಬ ಕಾರಣ ಹೇಳಬಹುದಾದ ಏರ್ಪಾಡು ಇದು. ಸ್ಟುಡಿಯೊಗಳಲ್ಲಿ ನುಡಿಸುತ್ತಿರುವ ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಈ ಮಾತನ್ನು ಎರಡು ಸಲ ಓದಿಕೊಳ್ಳಿ.

ಈಗ ನಮ್ಮ ಊರಿನ ಕಡೆಗೆ ಬರುತ್ತೇನೆ. ಕಲ್ಲಡ್ಕದಿಂದ ಮಂಗಳೂರು ದಾರಿಯಲ್ಲಿ ನರಹರಿ ಪರ್ವತ ಕಳೆದು ಮೆಲ್ಕಾರ್ ದಾಟಿದರೆ ಪಾಣೆಮಂಗಳೂರು. ಅದರ ಆಸುಪಾಸಿನ ಸಜಿಪಮೂಡದಲ್ಲಿ 1949ರಲ್ಲಿ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗನಾಗಿ ಹುಟ್ಟಿದವರು ಗೋಪಾಲನಾಥರು, ಮುಂದೆ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಅನಂತರ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಗಮಕ ನುಡಿಯಲಾಗದೆಂದು ಎಲ್ಲರೂ ಹೇಳುತ್ತಿದ್ದ ಆ ಬೆಲ್ಜಿಯಂ ಮೂಲದ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದವರು. ಅವರೂ ರೆಹಮಾನರೂ ಕೂಡಿದ್ದು ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಚಿತ್ರಕ್ಕಾಗಿ, 1994ರಲ್ಲಿ.

ಗೋಪಾಲನಾಥರು ಆ ಧ್ವನಿಮುದ್ರಣವನ್ನು ನೆನೆದು ಹೇಳುತ್ತಿದ್ದುದುಂಟು. ಸ್ವರಲಿಪಿಯ ಹಾಳೆ ಎದುರಿಗೆ ಬರಲಿಲ್ಲ. ಒಂದೊಂದಾಗಿ ರಾಗಗಳನ್ನು ನುಡಿಸುತ್ತ ಹೋಗಿ ಎಂದರಂತೆ ರೆಹಮಾನ್. ಇವರು ನುಡಿಸುತ್ತ ಹೋದರು. ರಾಗದ ಮೇಲೆ ರಾಗ ಮುಗಿದರೂ ಕಿರಿಯ ನಿರ್ದೇಶಕನಿಗೆ ತೃಪ್ತಿಯಿಲ್ಲ. ಕೊನೆಗೆ ಕಲ್ಯಾಣವಸಂತ ಬಂದಾಗ ಇದೇ, ಇದೇ ಎಂದು ಹಿಡಿದುಕೊಂಡರು. ಬೇರೆಯವರ ಹಾಳೆಯನ್ನು ಹದಿನಾಲ್ಕು ವರ್ಷ ನುಡಿಸಿದವನು ಈಗ ಹಾಳೆಯನ್ನೇ ತೆಗೆದಿಟ್ಟು, ಎದುರಿಗಿದ್ದ ವಿದ್ವಾಂಸನಿಂದ ಅವನದೇ ಸಂಗೀತವನ್ನು ಕೇಳಿ ಪಡೆದ. ರಾಕ್ ತಂಡದಲ್ಲಿ ಕಲಿತ ಕ್ರಮ ಇದೆಂದು ನಾನು ತಿಳಿಯುತ್ತೇನೆ.

ಚಿತ್ರದಲ್ಲಿ ಪ್ರಭು ಮತ್ತು ನಮ್ಮ ರಮೇಶ್ ಅರವಿಂದ್ ಅಣ್ಣತಮ್ಮಂದಿರು. ಅಣ್ಣನ ತುಟಿಯಲ್ಲಿದ್ದ ಸ್ಯಾಕ್ಸೋಫೋನಿನಲ್ಲಿ ಕೇಳಿಬಂದ ಉಸಿರು ಗೋಪಾಲನಾಥರದು. ಪರದೆಯ ಮೇಲೆ ಕಾಣಿಸಿದ್ದು ನಟನೇ ಆದರೂ ನುಡಿಸಿದವರು ಯಾರೆಂಬುದು ಈ ಸಲ ಯಾರಿಗೂ ಗುಟ್ಟಾಗಿರಲಿಲ್ಲ. ಚಿತ್ರ ನೋಡಿ ಬಂದ ನಮ್ಮ ಹುಡುಗರು ನಾಯಕನ ಹೆಸರಿಗಿಂತ ಮೊದಲು ಕದ್ರಿಯವರ ಹೆಸರನ್ನೇ ಹೇಳುತ್ತಿದ್ದರು. ಅದೇ ವರ್ಷ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮನೇಡ್ ಕಛೇರಿಯಲ್ಲಿ ನುಡಿಸಿ ಬಂದರು. 2004ರಲ್ಲಿ ಪದ್ಮಶ್ರೀ ದೊರೆಯಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಕಲ್ಯಾಣವಸಂತದ ಆ ಪ್ರಸಂಗವನ್ನು ಮತ್ತೆ ಬರೆದವು.